ರೇಡಿಯೇಟರ್ ಮುಚ್ಚಳದ ಕೆಳಗಿನ ಚರಿತ್ರೆ

ಏಪ್ರಿಲ್ ತಿಂಗಳಿನಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಹತ್ತಿದವರು ಈ ದೃಶ್ಯವನ್ನು ಕಂಡೇ ಇರುತ್ತೀರಿ. ತಿರುವಿನ ಅಂಚಿನಲ್ಲಿ ನಿಂತ ಒಂದು ಹಳೆಯ ಸಣ್ಣ ಕಾರು, ಮೇಲೆತ್ತಿದ ಬಾನೆಟ್, ಅದರೊಳಗಿಂದ ಏಳುವ ಉಗಿ, ಪಕ್ಕದಲ್ಲಿ ಖಾಲಿ ಬಾಟಲಿ ಹಿಡಿದು ನಿಂತ ಮನೆಯವರು. ‘ಗಾಡಿ ಹೀಟ್ ಆಗಿದೆ’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತೇವೆ. ಆದರೆ ಆ ಕಾರು ಕೆಟ್ಟಿರುವ ರೀತಿಗೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಇದೆ. ಎಂಜಿನ್ ತಂಪು ಮಾಡುವ ವಿಧಾನದಲ್ಲಿ ಯಾರೋ ಒಬ್ಬರು ಒಂದು ತೊಂದರೆಯನ್ನು ಬಗೆಹರಿಸಿದಾಗಲೆಲ್ಲ ಹೊಸದೊಂದು ಭಾಗ ಸೇರಿತು. ಆ ಭಾಗವೇ ಮುಂದೆ ಕೆಡುವ ಭಾಗವಾಯಿತು. ಹಳೆಯ ಕಾರಿನ ದೋಷಗಳ ಪಟ್ಟಿಯನ್ನು ಹಿಡಿದು ಹೊರಟರೆ ಈ ಚರಿತ್ರೆಯನ್ನು ಬಹುಮಟ್ಟಿಗೆ ಓದಬಹುದು.

ಮೊದಲು ಶಾಖದ ಲೆಕ್ಕ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ಸಣ್ಣ ಕಾರೊಂದು ಗಂಟೆಗೆ ಐದು ಲೀಟರ್ ಸುಡುತ್ತಿದೆ ಎಂದುಕೊಳ್ಳಿ. ಅಂದರೆ ಶಾಖ ಹುಟ್ಟುವ ದರ ಸುಮಾರು 44 ಕಿಲೋವ್ಯಾಟ್. ಇದರಲ್ಲಿ ಹೆಚ್ಚೆಂದರೆ ಕಾಲು ಭಾಗ ಚಕ್ರಗಳನ್ನು ತಿರುಗಿಸಲು ಒದಗುತ್ತದೆ. ಉಳಿದುದರಲ್ಲಿ ದೊಡ್ಡ ಪಾಲು ಹೊಗೆಕೊಳವೆಯಿಂದ ಹೊರಬೀಳುತ್ತದೆ. ಸುಮಾರು 13 ಕಿಲೋವ್ಯಾಟಿನಷ್ಟು ಸಿಲಿಂಡರಿನ ಗೋಡೆಯ ಮೂಲಕ ತಂಪುನೀರಿಗೆ ಸೇರುತ್ತದೆ. ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಎರಡು ಕಿಲೋವ್ಯಾಟಿನ ಗೀಸರ್ ನಿಮಗೆ ಗೊತ್ತು. ಅಂಥ ಆರು ಗೀಸರ್‌ಗಳು ಒಟ್ಟಿಗೆ ಉರಿಯುತ್ತಿವೆ ಎಂದು ಭಾವಿಸಿ. ಈ ಶಾಖವನ್ನು ಹೊರಹಾಕದಿದ್ದರೆ ಏನಾಗುತ್ತದೆ? ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಮ್ 660 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಲೋಹ ಕರಗುವ ಮೊದಲೇ ಎಣ್ಣೆ ತನ್ನ ಸ್ನಿಗ್ಧತೆಯನ್ನು ಕಳೆದುಕೊಂಡು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ನೀರನ್ನು ಕುದಿಸಿ ಕಳೆಯುತ್ತಿದ್ದ ಕಾಲ

ಜರ್ಮನಿಯ ಕಾರ್ಲ್ ಬೆಂಜ್ 1886ರ ಜನವರಿ 29ರಂದು ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ಮೂರು ಚಕ್ರದ ವಾಹನಕ್ಕೆ ರೇಡಿಯೇಟರ್ ಇರಲಿಲ್ಲ. ಒಂದೇ ಸಿಲಿಂಡರ್, 954 ಘನ ಸೆಂಟಿಮೀಟರ್ ಗಾತ್ರ, ಮುಕ್ಕಾಲು ಅಶ್ವಶಕ್ತಿ. ಸಿಲಿಂಡರಿನ ಸುತ್ತ ನೀರು ತುಂಬಿದ್ದು ಅದು ಕುದಿದು ಆವಿಯಾಗಿ ಹೋಗುತ್ತಿತ್ತು. ಬಾಷ್ಪೀಕರಣದ ಗುಪ್ತೋಷ್ಣ ಕಿಲೋಗ್ರಾಮಿಗೆ 2256 ಕಿಲೋಜೂಲ್ ಎಂಬುದು ವಿದ್ಯಾರ್ಥಿಗಳಿಗೆ ತಿಳಿದಿದೆ. ನೀರಿಗೆ ಒಂದೂವರೆ ಕಿಲೋವ್ಯಾಟ್ ಶಾಖ ಸೇರುತ್ತಿತ್ತೆಂದು ಇಟ್ಟುಕೊಂಡರೆ ಗಂಟೆಗೆ ಸುಮಾರು 2.4 ಲೀಟರ್ ನೀರು ಆವಿಯಾಗಬೇಕು. 1888ರ ಆಗಸ್ಟಿನಲ್ಲಿ ಬೆಂಜ್‌ನ ಪತ್ನಿ ಬರ್ಥಾ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಈ ಬಗೆಯ ವಾಹನದಲ್ಲಿ ಹೋದಳು. ವೀಸ್ಲೋಖ್ ಊರಿನ ಔಷಧದಂಗಡಿಯಲ್ಲಿ ಇಂಧನ ಕೊಂಡದ್ದು, ಟೋಪಿಯ ಪಿನ್ನಿನಿಂದ ಇಂಧನದ ಕೊಳವೆಯನ್ನು ಚುಚ್ಚಿ ಬಿಡಿಸಿದ್ದು ಎಲ್ಲರೂ ಹೇಳುವ ಕಥೆ. ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಂಡದ್ದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಪ್ರಯಾಣದ ಮುಖ್ಯ ಭೌತವಿಜ್ಞಾನ ಪಾಠ ಅದೇ.

ಮುಕ್ಕಾಲು ಅಶ್ವಶಕ್ತಿಗೆ ಈ ಉಪಾಯ ಸಾಕು, ಮೂವತ್ತೈದಕ್ಕೆ ಸಾಲದು. ಕಾರಿನ ಹಿಂದೆ ನೀರಿನ ಟ್ಯಾಂಕರ್ ಕಟ್ಟಿಕೊಂಡು ಹೋಗಬೇಕಾದೀತು! ನೀರನ್ನು ಕಳೆಯದೆ ಶಾಖವನ್ನಷ್ಟೇ ಗಾಳಿಗೆ ಕೊಡುವ ದಾರಿಯನ್ನು ತೋರಿದವನು ಡೈಮ್ಲರ್ ಕಂಪನಿಯ ವಿಲ್‌ಹೆಲ್ಮ್ ಮೇಬಾಕ್. ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿಯ ಒತ್ತಾಯದ ಮೇಲೆ 1900ರಲ್ಲಿ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನ ಮುಂಭಾಗದಲ್ಲಿ ಅವನು ಜೇನುಹುಟ್ಟಿನಂತೆ ಕಾಣುವ ರೇಡಿಯೇಟರನ್ನು ಇರಿಸಿದ. ಆರು ಮಿಲಿಮೀಟರ್ ಚೌಕದ 8070 ಪುಟ್ಟ ನಳಿಕೆಗಳನ್ನು ಜೋಡಿಸಿ ಬೆಸುಗೆ ಹಾಕಿದ ಪೆಟ್ಟಿಗೆ ಅದು. ನಳಿಕೆಗಳ ಒಳಗೆ ಗಾಳಿ, ಅವುಗಳ ನಡುವಿನ ಸಂದಿಯಲ್ಲಿ ನೀರು. ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿ: ನಳಿಕೆಯೊಂದರ ಸುತ್ತಳತೆ 2.4 ಸೆಂಟಿಮೀಟರ್. ಆದ್ದರಿಂದ ಉದ್ದದ ಪ್ರತಿ ಸೆಂಟಿಮೀಟರಿಗೆ 8070 ನಳಿಕೆಗಳಿಂದ ದೊರೆಯುವ ಮೇಲ್ಮೈ ಸುಮಾರು 1.9 ಚದರ ಮೀಟರ್. ಹತ್ತಿರ ಹತ್ತಿರ ಒಂದು ಮಂಚದಷ್ಟು ಹರವು, ಬೆರಳಿನ ಅಗಲದೊಳಗೆ! ಬೇಕಾಗುವ ನೀರು ಒಂಬತ್ತು ಲೀಟರಿಗೆ ಇಳಿಯಿತು. ನಿಧಾನವಾಗಿ ಚಲಿಸುವಾಗ ಗಾಳಿ ಎಳೆಯಲು ಹಿಂದೆ ಒಂದು ಫ್ಯಾನ್ ಇತ್ತು. ಇಂದಿನ ಕಾರಿನ ರೇಡಿಯೇಟರ್ ಈ ವಂಶದ್ದೇ.

ರೇಡಿಯೇಟರ್ ಎಂಬ ಹೆಸರು ಮಾತ್ರ ಭೌತವಿಜ್ಞಾನದ ಅಧ್ಯಾಪಕರಿಗೆ ಸ್ವಲ್ಪ ಇರಿಸುಮುರಿಸು ತರುವಂಥದು. ಸಣ್ಣ ಕಾರಿನ ರೇಡಿಯೇಟರಿನ ಮುಂದಿನ ಹಿಂದಿನ ಮುಖಗಳೆರಡೂ ಸೇರಿ 0.3 ಚದರ ಮೀಟರ್ ಎಂದುಕೊಳ್ಳಿ. ತಾಪ 90 ಡಿಗ್ರಿ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದಂತೆ ಅದು ಕಪ್ಪುಕಾಯವಾಗಿದ್ದರೂ ವಿಕಿರಣದಿಂದ ಕಳೆದುಕೊಳ್ಳುವುದು 150 ವ್ಯಾಟ್ ಮಾತ್ರ. 13 ಕಿಲೋವ್ಯಾಟಿನಲ್ಲಿ ಅದು ಎಷ್ಟರ ಮಟ್ಟಿನದು? ಉಳಿದೆಲ್ಲವೂ ಬೀಸುವ ಗಾಳಿಯ ಕೆಲಸ, ಅಂದರೆ ಸಂವಹನ. ಗಾಳಿ ನಿಂತರೆ ತಂಪೂ ನಿಂತಂತೆ. ಈ ಮಾತು ನೆನಪಿರಲಿ. ಮುಂದೆ ಇದೇ ನನ್ನನ್ನು ಕಾಡಿದ ವಿಷಯ.

ರೇಡಿಯೇಟರ್ ಬಂತು, ನೀರನ್ನು ಸುತ್ತಾಡಿಸುವುದು ಹೇಗೆ? ಬಿಸಿನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಇಳಿಯುತ್ತದೆ ಎಂಬ ಸಂಗತಿಯನ್ನೇ ನಂಬಿದ ಕಾರುಗಳಿದ್ದವು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಟಿ ಮಾದರಿಯ ಮೊದಲ ಎರಡೂವರೆ ಸಾವಿರ ಕಾರುಗಳಿಗೆ ಪಂಪ್ ಇತ್ತು. ಆಮೇಲೆ ಅದನ್ನು ಕಿತ್ತುಹಾಕಿ ಬರಿಯ ಸಾಂದ್ರತೆಯ ವ್ಯತ್ಯಾಸಕ್ಕೆ ಬಿಟ್ಟರು. ಪಂಪ್ ಇಲ್ಲದಿದ್ದರೆ ಪಂಪ್ ಕೆಡುವುದೂ ಇಲ್ಲ. ಆದರೆ ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದೊಡನೆ ಪ್ರವಾಹ ಪೂರ್ತಿ ನಿಂತುಬಿಡುತ್ತದೆ. ಎಂಜಿನ್ನುಗಳ ಸಾಮರ್ಥ್ಯ ಏರಿದಂತೆ ಪಂಪ್ ಮತ್ತೆ ಬಂತು. ಅದರೊಂದಿಗೆ ಅದನ್ನು ತಿರುಗಿಸುವ ಬೆಲ್ಟು, ಸೋರುವ ಸೀಲು, ಸವೆಯುವ ಬೇರಿಂಗು.

ಪಾಪಿನ್‌ನ ಮುಚ್ಚಳ

ಇನ್ನು ಮುಚ್ಚಳದ ವಿಷಯ. ಫ್ರೆಂಚ್ ವಿಜ್ಞಾನಿ ಡೆನಿ ಪಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ‘ಡೈಜೆಸ್ಟರ್’ ಪಾತ್ರೆಯನ್ನು ತೋರಿಸಿದ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹೆಚ್ಚಿ ನೀರಿನ ಕುದಿಬಿಂದು ಏರುತ್ತದೆ. ಮೂಳೆಗಳೂ ಬೆಂದು ಮೆತ್ತಗಾಗುತ್ತವೆ. ಪಾತ್ರೆ ಸಿಡಿಯದಂತೆ ಅವನು ಒಂದು ಸುರಕ್ಷಾ ಕವಾಟವನ್ನೂ ರೂಪಿಸಿದ. ನಮ್ಮ ಅಡುಗೆಮನೆಯ ಕುಕ್ಕರಿನ ಮೂಲಪುರುಷ ಈತ. ಕಾರಿನ ರೇಡಿಯೇಟರಿಗೆ ಸ್ಪ್ರಿಂಗ್ ಕವಾಟವಿರುವ ಮುಚ್ಚಳ ಬಂದಾಗ ಆದದ್ದೂ ಇದೇ. ಸಾಮಾನ್ಯ ಮುಚ್ಚಳವೊಂದು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 0.9 ಬಾರ್ ಹೆಚ್ಚಿನ ಒತ್ತಡವನ್ನು ತಡೆಹಿಡಿಯುತ್ತದೆ. ಆಗ ಶುದ್ಧ ನೀರು ಕುದಿಯುವುದು 118 ಡಿಗ್ರಿಯ ಸುಮಾರಿಗೆ.

ಕುದಿಯದೆ ಹೆಚ್ಚು ಬಿಸಿಯಾಗಬಲ್ಲ ನೀರಿನಿಂದ ಲಾಭವೇನು? ಸುತ್ತಲಿನ ಗಾಳಿಗೂ ನೀರಿಗೂ ಇರುವ ತಾಪದ ಅಂತರ ಹೆಚ್ಚಿದಷ್ಟೂ ಅದೇ ರೇಡಿಯೇಟರ್ ಹೆಚ್ಚು ಶಾಖ ಬಿಡುತ್ತದೆ; ಆದ್ದರಿಂದ ರೇಡಿಯೇಟರನ್ನು ಚಿಕ್ಕದಾಗಿಸಬಹುದು. ವಿಮಾನಕ್ಕೆ ಇದು ತುಂಬ ಬೇಕಾದದ್ದು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಮರ್ಲಿನ್ ಎಂಜಿನ್ನಿನಲ್ಲಿ ಮೊದಲು ಶುದ್ಧ ಎಥಿಲೀನ್ ಗ್ಲೈಕಾಲ್, ಅನಂತರ ಒತ್ತಡದಲ್ಲಿರಿಸಿದ ನೀರು-ಗ್ಲೈಕಾಲ್ ಮಿಶ್ರಣ ಬಳಸಿದರು. ಗ್ಲೈಕಾಲನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮೊದಲು ತಯಾರಿಸಿದವನು ಫ್ರಾನ್ಸಿನ ಶಾರ್ಲ್ ವುರ್ಟ್ಸ್. ಕಾರಿನ ಬಳಕೆಗೆ ಅದು ಅಮೆರಿಕದಲ್ಲಿ 1927ರಿಂದ ಮಾರಾಟಕ್ಕೆ ಬಂತು. ಅರ್ಧಕ್ಕರ್ಧ ಮಿಶ್ರಣ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಮುಚ್ಚಳವಿಲ್ಲದೆಯೂ 107 ಡಿಗ್ರಿಯವರೆಗೆ ಕುದಿಯದು. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ?’ ಎಂದು ಕೇಳುವವರಿಗೆ ಈ ಎರಡನೆಯ ಸಂಖ್ಯೆ ಉತ್ತರ. ಮೂರನೆಯ ಕಾರಣವೂ ಇದೆ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ನಮ್ಮ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ತುಂಬಿದ ಎಂಜಿನ್ನನ್ನು ಬಿಚ್ಚಿ ನೋಡಿ. ಸ್ನಾನದ ಹಂಡೆಯ ಒಳಗೆ ಕಟ್ಟುವಂಥದೇ ಬಿಳಿಯ ಪದರ ಅಲ್ಲಿರುತ್ತದೆ. ಆ ಪದರದ ಶಾಖವಾಹಕತೆ ಎರಕದ ಕಬ್ಬಿಣದ್ದಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಥರ್ಮೋಸ್ಟ್ಯಾಟಿನ ಬಗ್ಗೆ ಒಂದು ಮಾತು. ಮೇಣ ಕರಗಿ ಹಿಗ್ಗುವುದನ್ನು ಬಳಸಿ ನೀರಿನ ದಾರಿ ತೆರೆಯುವ ಈ ಪುಟ್ಟ ಕವಾಟವನ್ನು 1930ರ ದಶಕದಲ್ಲಿ ಸರ್ಜಿಯಸ್ ವರ್ನೆಟ್ ರೂಪಿಸಿದ. ಸುಮಾರು 82ರಿಂದ 88 ಡಿಗ್ರಿಗೆ ಅದು ತೆರೆಯುತ್ತದೆ. ಅಲ್ಲಿಯವರೆಗೆ ಎಂಜಿನ್ ಬೇಗ ಬಿಸಿಯಾಗಲಿ ಎಂದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಕಾರು ಒಮ್ಮೆ ಬಿಸಿಯಾದರೆ ಮೊದಲು ಕಿತ್ತೆಸೆಯುವುದು ಇದನ್ನೇ. ಇದನ್ನು ನಾನು ಒಪ್ಪಲಾರೆ. ಎಂಜಿನ್ ಸದಾ ತಣ್ಣಗಿದ್ದರೆ ಪೆಟ್ರೋಲ್ ಹೆಚ್ಚು ಸುಡುತ್ತದೆ, ಎಣ್ಣೆಗೆ ನೀರಿನ ತೇವ ಸೇರುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆಗೆದರೆ ಅಡ್ಡದಾರಿ ತೆರೆದೇ ಉಳಿದು ಸ್ವಲ್ಪ ನೀರು ರೇಡಿಯೇಟರನ್ನು ತಲುಪದೆಯೇ ಹಿಂದಿರುಗುತ್ತದೆ. ಕಾಯಿಲೆಗೆ ಕೊಟ್ಟ ಮದ್ದೇ ಕಾಯಿಲೆಯನ್ನು ಹೆಚ್ಚಿಸಿದಂತೆ.

ಸಣ್ಣ ಕಾರಿನಲ್ಲಿ ಜಾಗ ಎಲ್ಲಿ?

ದೊಡ್ಡ ಕಾರಿನಲ್ಲಿ ರೇಡಿಯೇಟರಿಗೆ ಜಾಗ ಹುಡುಕಬೇಕಾಗಿರಲಿಲ್ಲ. ಸಣ್ಣ ಕಾರಿನಲ್ಲಿ ಅದೇ ಮುಖ್ಯ ತೊಡಕಾಯಿತು. ಫೋಕ್ಸ್‌ವಾಗನ್ ಬೀಟಲ್ ನೀರನ್ನೇ ಬಿಟ್ಟು ಗಾಳಿಯನ್ನು ನೆಚ್ಚಿತು. ಗಾಳಿ ಕುದಿಯುವುದಿಲ್ಲ, ಹೆಪ್ಪುಗಟ್ಟುವುದೂ ಇಲ್ಲ. ಆದರೆ ಎಣ್ಣೆಯನ್ನು ತಂಪು ಮಾಡುವ ಪುಟ್ಟ ರೇಡಿಯೇಟರನ್ನು ಗಾಳಿಯ ದಾರಿಯೊಳಗೇ ನಿಲ್ಲಿಸಿದ್ದರಿಂದ ಅದರ ಹಿಂದಿದ್ದ ಮೂರನೆಯ ಸಿಲಿಂಡರಿಗೆ ಬಿಸಿಗಾಳಿಯೇ ಗತಿಯಾಯಿತು. ಅದರ ಕವಾಟಗಳು ಸುಟ್ಟುಹೋಗುವುದು ಆ ಕಾರಿನ ಹೆಸರಾಂತ ಕಾಯಿಲೆ. 1971ರ ಮಾದರಿಯಲ್ಲಿ ಆ ಭಾಗವನ್ನು ಪಕ್ಕಕ್ಕೆ ಸರಿಸಿದರು.

ಇಂಗ್ಲೆಂಡಿನಲ್ಲಿ 1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಪಡಿತರ ಬಂದಾಗ ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಮಿನಿ 1959ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಉದ್ದ ಮೂರು ಮೀಟರಿಗಿಂತ ತುಸು ಹೆಚ್ಚು, ಎಂಜಿನ್ 848 ಘನ ಸೆಂಟಿಮೀಟರ್. ಜಾಗ ಉಳಿಸಲು ಅವನು ಎಂಜಿನ್ನನ್ನು ಅಡ್ಡವಾಗಿ ಇರಿಸಿದ. ಇಲ್ಲೊಂದು ಜ್ಯಾಮಿತಿಯ ಸಮಸ್ಯೆ ಹುಟ್ಟಿತು. ಫ್ಯಾನ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ನಿನ ಅಕ್ಷವೇ ಅಡ್ಡವಾದರೆ ಫ್ಯಾನ್ ಕಾರಿನ ಪಕ್ಕಕ್ಕೆ ಮುಖ ಮಾಡುತ್ತದೆ. ಆದ್ದರಿಂದ ರೇಡಿಯೇಟರೂ ಪಕ್ಕಕ್ಕೆ ಹೋಗಬೇಕಾಯಿತು. ಎಡ ಚಕ್ರದ ಗೂಡಿನ ಗೋಡೆಗೆ ಒತ್ತಿದಂತೆ ನಿಂತ ಅದರೊಳಕ್ಕೆ ಎಂಜಿನ್ ಕೋಣೆಯ ಬಿಸಿಗಾಳಿಯನ್ನೇ ಫ್ಯಾನ್ ನೂಕುತ್ತಿತ್ತು. ಓಡುವಾಗ ಎದುರಿನಿಂದ ಬೀಸುವ ಗಾಳಿಯ ಪುಕ್ಕಟೆ ಲಾಭ ರೇಡಿಯೇಟರಿಗೆ ನೇರವಾಗಿ ಸಿಗಲಿಲ್ಲ. ಮುಂದಿನ ಜಾಲರಿಯ ಹಿಂದೆ ಇದ್ದದ್ದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಮಳೆ ಬಂದರೆ ಅದು ನೆನೆದು ಎಂಜಿನ್ ನಿಲ್ಲುತ್ತಿತ್ತು!

ಬಿಡುಗಡೆ ಬಂದದ್ದು ವಿದ್ಯುತ್ ಮೋಟಾರಿನಿಂದ. ಇಟಲಿಯ ದಾಂತೆ ಜಿಯಾಕೋಸಾ ರೂಪಿಸಿದ, 1969ರಲ್ಲಿ ಬಂದ ಫಿಯೆಟ್ 128ರಲ್ಲಿ ಎಂಜಿನ್ ಅಡ್ಡ, ರೇಡಿಯೇಟರ್ ಮುಂದೆ. ಫ್ಯಾನಿಗೆ ಬೇರೆಯೇ ವಿದ್ಯುತ್ ಮೋಟಾರು. ನೀರು ಬಿಸಿಯಾದಾಗ ಮಾತ್ರ ಅದನ್ನು ಚಾಲೂ ಮಾಡುವ ಸ್ವಿಚ್ಚು. ಮುಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಇದನ್ನೇ ಅನುಸರಿಸಿದವು. ಭಾರತದಲ್ಲಿ ಅಲ್ಲಿಯವರೆಗೆ ಇದ್ದ ಅಂಬಾಸಿಡರ್, ಫಿಯೆಟ್ 1100 (ಅನಂತರದ ಪದ್ಮಿನಿ) ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ, ಫ್ಯಾನ್ ಬೆಲ್ಟಿಗೆ. ಘಾಟಿಯಲ್ಲಿ ಪೆಟ್ರೋಲ್ ಪಂಪು ಬಿಸಿಯಾಗಿ ಇಂಧನವೇ ಆವಿಯಾದಾಗ ಚಾಲಕರು ಅದರ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. 1888ರ ಗುಪ್ತೋಷ್ಣ ಮತ್ತೆ ಕೆಲಸಕ್ಕೆ ಬಂದಿತ್ತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕರ ಕೈಸೇರಿತು. ಮೂರು ಸಿಲಿಂಡರಿನ 796 ಘನ ಸೆಂಟಿಮೀಟರ್ ಎಂಜಿನ್ ಅಡ್ಡಕ್ಕೆ, ಫ್ಯಾನ್ ವಿದ್ಯುತ್ತಿನದು. 2014ರಲ್ಲಿ ಅದರ ತಯಾರಿಕೆ ನಿಂತಿತು.

ಬೆಲ್ಟಿನ ಫ್ಯಾನ್ ಕೆಡುವ ಮೊದಲು ಕಿರುಚುತ್ತದೆ. ವಿದ್ಯುತ್ ಫ್ಯಾನ್ ಸದ್ದಿಲ್ಲದೆ ಸಾಯುತ್ತದೆ. ಫ್ಯೂಸ್ ಹೋಗಬಹುದು, ಸ್ವಿಚ್ಚು ಅಂಟಿಕೊಳ್ಳಬಹುದು, ಮೋಟಾರಿನ ಇಂಗಾಲದ ಬ್ರಷ್ ಸವೆಯಬಹುದು. ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಓಡುವಾಗ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ವೇಗದ ಗಾಳಿ ಎದುರಾಗುವುದರಿಂದ ಫ್ಯಾನ್ ಸತ್ತಿರುವುದು ನಿಮಗೆ ತಿಳಿಯುವುದೇ ಇಲ್ಲ. ತಿಳಿಯುವುದು ನಿಧಾನವಾದಾಗ. ಇದಕ್ಕೆ ವಿರುದ್ಧವಾಗಿ, ಊರೊಳಗೆ ಸರಿಯಿದ್ದು ಹೆದ್ದಾರಿಯಲ್ಲಿ ವೇಗ ಹೆಚ್ಚಿದಾಗ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಂಶಯ ಪಡಬೇಕು.

ನಾನು ಕಲಿತದ್ದು

2006ರ ಏಪ್ರಿಲಿನಲ್ಲಿ ಮಂಗಳೂರಿನಿಂದ ಹಿಂದಿರುಗುತ್ತ ನನ್ನ ಹಳೆಯ ಸಣ್ಣ ಕಾರಿನಲ್ಲಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮುಂದೆ ಲಾರಿಗಳ ಸಾಲು. ಎರಡನೆಯ ಗೇರಿನಲ್ಲಿ ತೆವಳಬೇಕಿತ್ತು. ತಾಪದ ಮುಳ್ಳು ಮೇಲೇರಿ ಕೆಂಪು ಗೆರೆಯ ಬಳಿ ನಿಂತಿತು. ನಿಲ್ಲಿಸಬೇಕೆಂದು ಜಾಗ ಹುಡುಕುತ್ತಿರುವಾಗ ಪಕ್ಕದಲ್ಲಿದ್ದ ಎಂಟು ವರ್ಷದ ಮಗಳು, “ಅಪ್ಪಾ, ಮುಳ್ಳು ಕೆಳಗೆ ಬಂತು” ಎಂದಳು. ನಿಜವಾಗಿಯೂ ಬಂದಿತ್ತು. ನಾನು ಸಮಾಧಾನಗೊಂಡು ಇನ್ನೂ ಒಂದು ಕಿಲೋಮೀಟರಿನಷ್ಟು ಓಡಿಸಿದೆ.

ಆ ಸಮಾಧಾನವೇ ತಪ್ಪು. ಫ್ಯಾನಿನ ಬ್ರಷ್ ಸವೆದು ಅದು ನಿಂತಿತ್ತು. ಗಾಳಿ ಪೂರ್ತಿ ನಿಂತರೆ ಎಷ್ಟು ಹೊತ್ತು ಸಿಗುತ್ತದೆಂದು ಆಮೇಲೆ ಲೆಕ್ಕ ಹಾಕಿದೆ. ನಾಲ್ಕು ಲೀಟರ್ ನೀರು, ಅದರೊಂದಿಗೆ ಬಿಸಿಯಾಗುವ ಅರುವತ್ತು ಕಿಲೋಗ್ರಾಮ್ ಲೋಹ. ಎರಡರ ಶಾಖಧಾರಕತೆ ಸೇರಿ ಡಿಗ್ರಿಗೆ ಸುಮಾರು 44 ಕಿಲೋಜೂಲ್. 13 ಕಿಲೋವ್ಯಾಟಿನಲ್ಲಿ 90ರಿಂದ 115 ಡಿಗ್ರಿಗೆ ಏರಲು ಒಂದೂವರೆ ನಿಮಿಷ ಸಾಕು! ನೀರು ಕುದಿದು ಮುಚ್ಚಳದ ಕವಾಟವನ್ನು ತಳ್ಳಿ ಹೊರಹೋಗಿತ್ತು. ಮಟ್ಟ ಇಳಿದಾಗ ತಾಪಸಂವೇದಕ ನೀರಿನಿಂದ ಹೊರಗುಳಿಯಿತು. ಸುತ್ತ ಆವಿ ಇದ್ದಾಗ ಅದಕ್ಕೆ ಶಾಖ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಮುಳ್ಳು ಇಳಿದದ್ದು. ಎಂಜಿನ್ ಅತ್ಯಂತ ಬಿಸಿಯಾಗಿದ್ದ ಗಳಿಗೆಯಲ್ಲಿ ಮಾಪಕ ತಂಪು ಎಂದು ತೋರಿಸಿತು.

ಉಗಿ ಕಂಡು ಕೊನೆಗೆ ನಿಲ್ಲಿಸಿದೆ. ಹತ್ತು ನಿಮಿಷ ಕಾದೆ. ಕೈಗೆ ಟವೆಲ್ ಸುತ್ತಿಕೊಂಡು ಮುಚ್ಚಳ ತಿರುಗಿಸಿದೆ. ಹಿಂದೆ ನಿಂತಿದ್ದ ಲಾರಿಯ ಕ್ಲೀನರ್ ಹುಡುಗ “ಮುಟ್ಬೇಡಿ ಸಾರ್, ಮುಟ್ಬೇಡಿ!” ಎಂದು ಕೂಗುತ್ತ ಓಡಿಬಂದ, ಅಷ್ಟರಲ್ಲಿ ಆಗಿಹೋಗಿತ್ತು. ಮುಂಗೈಯಿಂದ ಮೊಣಕೈವರೆಗೆ ಬೆಂದಿತು. ಮಗಳು ಒಂದು ಹೆಜ್ಜೆ ಹಿಂದೆ ನಿಂತಿದ್ದಳು ಎಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಕುದಿಬಿಂದು ಮತ್ತು ಒತ್ತಡದ ಸಂಬಂಧವನ್ನು ಆಗಲೇ ಹತ್ತಾರು ತಂಡಗಳಿಗೆ ಪಾಠ ಹೇಳಿದ್ದವನು ನಾನು! ಲೆಕ್ಕ ಹೀಗಿದೆ: ಉಳಿದಿದ್ದ ಮೂರು ಲೀಟರ್ ನೀರು 115 ಡಿಗ್ರಿಯಲ್ಲಿತ್ತೆಂದುಕೊಂಡರೆ, ಮುಚ್ಚಳ ತೆಗೆದೊಡನೆ ಅದು ನೂರಕ್ಕೆ ಇಳಿಯಬೇಕು. ಬಿಡುಗಡೆಯಾಗುವ ಶಾಖ 188 ಕಿಲೋಜೂಲ್. ಅದನ್ನು 2256ರಿಂದ ಭಾಗಿಸಿದರೆ 83 ಗ್ರಾಮ್ ಉಗಿ. ಕೇಳಲು ಅಲ್ಪ, ಆದರೆ ಅದರ ಗಾತ್ರ ಸುಮಾರು 140 ಲೀಟರ್. ಒಂದು ಸಣ್ಣ ಬಾಯಿಯಿಂದ ಒಂದೆರಡು ಕ್ಷಣದಲ್ಲಿ ಅದು ಹೊರನುಗ್ಗುತ್ತದೆ, ಕುದಿನೀರನ್ನೂ ಎಳೆದುಕೊಂಡು.

ಲಾರಿ ಚಾಲಕ, ನನಗಿಂತ ಹಿರಿಯ, ತನ್ನ ಕ್ಯಾನಿನ ನೀರನ್ನು ಮೊದಲು ನನ್ನ ಕೈಮೇಲೆ ಸುರಿದ. ನಾನು ಎಂಜಿನ್ನಿಗೂ ಹಾಕೋಣವೆಂದಾಗ ತಡೆದ. “ಅದು ಆರ್ಲಿ ಸಾರ್. ಕಾದ ಇಂಜಿನ್ನಿಗೆ ತಣ್ಣೀರು ಬಿದ್ರೆ ಹೆಡ್ಡು ಸೀಳ್ತದೆ” ಎಂದ. ಮುಕ್ಕಾಲು ಗಂಟೆ ಕಾದೆವು.

ಹೆಡ್ಡು ಸೀಳಿರಲಿಲ್ಲ, ಆದರೆ ಬಾಗಿತ್ತು. ಅನೇಕ ಸಣ್ಣ ಕಾರುಗಳಲ್ಲಿ ಸಿಲಿಂಡರುಗಳಿರುವ ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಮ್ಮಿನದು. ಮೂವತ್ತು ಸೆಂಟಿಮೀಟರ್ ಉದ್ದದ ಹೆಡ್ ನೂರು ಡಿಗ್ರಿ ಬಿಸಿಯಾದರೆ 0.7 ಮಿಲಿಮೀಟರ್ ಹಿಗ್ಗಬೇಕು. ಅಷ್ಟೇ ಉದ್ದದ ಕಬ್ಬಿಣ 0.33 ಮಾತ್ರ. ಬೋಲ್ಟುಗಳು ಎರಡನ್ನೂ ಬಿಗಿಹಿಡಿದಿರುತ್ತವೆ. ಸಾಮಾನ್ಯ ತಾಪದಲ್ಲಿ ಈ ಜಗ್ಗಾಟವನ್ನು ನಡುವಿನ ಗ್ಯಾಸ್ಕೆಟ್ ಸಹಿಸಿಕೊಳ್ಳುತ್ತದೆ. ತಾಪ ಮಿತಿಮೀರಿದರೆ ಮೆತ್ತಗಿನ ಅಲ್ಯೂಮಿನಿಯಮ್ ಶಾಶ್ವತವಾಗಿ ಬಾಗುತ್ತದೆ. ಆಮೇಲೆ ಗ್ಯಾಸ್ಕೆಟ್ ಸುಟ್ಟು ಒಂದು ಸಿಲಿಂಡರಿನ ಅನಿಲ ಪಕ್ಕದ್ದಕ್ಕೆ, ಇಲ್ಲವೇ ನೀರಿಗೆ ನುಗ್ಗುತ್ತದೆ. ಎಣ್ಣೆಯಲ್ಲಿ ನೀರು ಬೆರೆತು ಹಾಲು ಹಾಕಿದ ಚಹಾದಂತೆ ಕಾಣುತ್ತದೆ.

ಸಕಲೇಶಪುರದ ಮೆಕ್ಯಾನಿಕ್ ಹೆಡ್ಡನ್ನು ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದ. ಅದರ ಮೇಲೆ ಉಕ್ಕಿನ ನೇರಪಟ್ಟಿಯನ್ನು ಇಟ್ಟು ಸಂದಿಯಲ್ಲಿ ತೆಳುವಾದ ಫೀಲರ್ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡಿದ. “ಬೆಂಡ್ ಆಗಿದೆ ಸಾರ್, ಫೇಸಿಂಗ್ ಮಾಡಿಸ್ಬೇಕು” ಎಂದ. ಹಾಸನದ ಲೇತಿನ ಅಂಗಡಿಗೆ ಕಳಿಸಿ ಉಜ್ಜಿಸಿ ತರಲು ಎರಡು ದಿನ ಹಿಡಿಯಿತು. ಫ್ಯಾನಿನ ಮೋಟಾರಿಗೆ ಅವನು ಹಾಕಿದ ಹೊಸ ಬ್ರಷ್ ಜೋಡಿ ಕಡಲೆಬೀಜದಷ್ಟು ಚಿಕ್ಕದು. ಇಡೀ ರಿಪೇರಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಅದೇ. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಕಪ್ಪಗೆ ಸುಟ್ಟ ಆ ಗ್ಯಾಸ್ಕೆಟನ್ನು ನಾನು ಕೇಳಿ ತಂದೆ. ಉಷ್ಣಗತಿವಿಜ್ಞಾನದ ಪಾಠ ಆರಂಭಿಸುವ ದಿನ ಅದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇನೆ. ಮುಳ್ಳು ಯಾಕೆ ಕೆಳಗಿಳಿಯಿತು ಎಂಬ ಪ್ರಶ್ನೆಯನ್ನೂ ಅದರ ಜೊತೆಗೇ ಕೇಳುತ್ತೇನೆ.